ಭಾವನ ಕಿವಿಯಲ್ಲಿ ಬೆಳ್ಳುಳ್ಳಿ

ಟಿವಿಯಲ್ಲಿ ಕ್ರಿಕೆಟ್ ನೋಡಿದ್ದೇನೆ, ಸೀರಿಯಲ್ ನೋಡಿದ್ದೇನೆ. ಅಕ್ಕನ ಗಂಡನ ಕಿವಿಯ ಒಳಭಾಗ ನೋಡಿದ್ದು ಮಾತ್ರ ಕಳೆದ ಸೋಮವಾರವೇ ಮೊದಲು.

ಬಳ್ಳಾರಿಯ ಒಂದು ಕ್ಲಿನಿಕ್ಕು. ಕ್ಯಾಮೆರಾ ಇರುವ ಸಣ್ಣ ಕಡ್ಡಿ ಕೈಯಲ್ಲಿ ಹಿಡಿದು ಕಿವಿ ಡಾಕ್ಟರು ಕೇಳಿದರು: "ಎಣ್ಣಿ ಗಿಣ್ಣಿ ಏನಾರ ಹಾಕೀರೇನ್ರಿ?"

"ಇಲ್ರಿ, ಏನೂ ಹಾಕಿಲ್ರಿ," ಎಂದರು ಭಾವ. ನಾನೂ ಹೌದೆಂದು ತಲೆಯಾಡಿಸಿದೆ. (ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗುವುದು ಮತ್ತೆ ಇನ್ನೇತಕ್ಕೆ?)

ಗೋಡೆಯ ಟಿವಿಯಲ್ಲಿ ಒದ್ದೆಯಾದ ಕೆಂಪು ಗುಹೆಯೊಂದು ಮೂಡಿತು. ಅದರ ನಟ್ಟನಡುವೆ ಕಂದು ಬಣ್ಣದ ಒಂದು ಚೂರು. ಡಾಕ್ಟರು ಅದನ್ನು ಮೆಲ್ಲಗೆ ಹೊರತೆಗೆದು ಹತ್ತಿಯ ಮೇಲಿಟ್ಟರು. ಹುರಿದ ಬೆಳ್ಳುಳ್ಳಿ!

"ಇದು ತಾನ ನಡಕೊಂಡು ಒಳಗ ಹೋತೇನ್ರಿ?"

ಭಾವ ನನ್ನ ಮುಖ ನೋಡಿದರು. ನಾನು ಸೀಲಿಂಗ್ ಫ್ಯಾನ್ ನೋಡಿದೆ.

ನಮ್ಮ ಭಾವ ರಾಯದುರ್ಗದಲ್ಲಿ ಶೇಂಗಾ ವ್ಯಾಪಾರಿ. ರೈತ ಚೀಲ ಬಿಚ್ಚಿದ ಕೂಡಲೇ ಒಂದು ಕಾಯಿ ಎತ್ತಿ ಬಲಗಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗಲಗಲ ಎಂದರೆ ಚೆನ್ನಾಗಿ ಒಣಗಿದೆ. ಸದ್ದಿಲ್ಲದಿದ್ದರೆ ಹಸಿ, ಇನ್ನೂ ಬಿಸಿಲು ಬೇಕು. ತೇವ ಅಳೆಯುವ ಮಷೀನು ಅಂಗಡಿಯಲ್ಲಿದೆ, ಟವೆಲ್ ಹೊದ್ದು ಮಲಗಿದೆ. ರೈತರಿಗೂ ಮಷೀನಿಗಿಂತ ಈ ಕಿವಿಯ ಮೇಲೆಯೇ ನಂಬಿಕೆ.

ಆ ಕಿವಿಗೇ ನೋವು ಬಂತು. ನೆಗಡಿಯಾಗಿತ್ತು, ಅದರ ಹಿಂದೆಯೇ ಕಿವಿ ಸಿಡಿಯತೊಡಗಿತು. ಕಿವಿನೋವು ಎಂದರೆ ಸಾಕು, ನಮ್ಮಲ್ಲಿ ಯಾರು ಡಾಕ್ಟರಲ್ಲ? ಕಣೇಕಲ್ಲಿನ ಬೀಗರು ಫೋನಿನಲ್ಲೇ ಈರುಳ್ಳಿ ರಸ ಎಂದರು. ಪಕ್ಕದಂಗಡಿಯವರು ತುಳಸಿ ಎಂದರು. ಇನ್ನೊಬ್ಬರು ತಮ್ಮ ಸ್ಕೂಟರಿನ ಕೀ ಕೊಟ್ಟು "ಮೆಲ್ಲಗೆ ಕೆರಕೋರಿ" ಎಂದರು. ಆದರೆ ಇವರೆಲ್ಲರಿಗಿಂತ ಮೊದಲೇ ಟ್ರೀಟ್‌ಮೆಂಟ್ ಶುರುಮಾಡಿದ್ದು ಭಾವನ ಅವ್ವ.

ಎಂಬತ್ತು ದಾಟಿದ ಜೀವ. ಅಡುಗೆಮನೆಯನ್ನು ನಮ್ಮ ಅಕ್ಕನಿಗೆ ಬಿಟ್ಟುಕೊಟ್ಟು ಎಷ್ಟೋ ವರ್ಷವಾಯಿತು. ಕೈಯಲ್ಲಿ ಉಳಿಸಿಕೊಂಡಿರುವುದು ಒಂದೇ ಖಾತೆ, ಸೋಮವಾರದ ಎಣ್ಣೆನೀರು. ಐವತ್ತು ದಾಟಿದ ಮಗ ಇವತ್ತಿಗೂ ಮಣೆಯ ಮೇಲೆ ಕೂತು ತಲೆ ಕೊಡಬೇಕು. ತಲೆಗೆ ತಟ್ಟಿ, ಕಿವಿಗೆ ನಾಲ್ಕು ಹನಿ ಬಿಟ್ಟರೇ ಅದು ಸ್ನಾನ. ನೋವು ಬಂದ ಮೇಲೆ ಸೋಮವಾರಕ್ಕೆ ಕಾಯಲಿಲ್ಲ. ಶೇಂಗಾ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು, ದಿನಾ ಬೆಚ್ಚಗೆ ಬಿಟ್ಟರು.

ಒಂದು ದಿನ ನೋವು ತಟಕ್ಕನೆ ನಿಂತಿತು. ಕಿವಿ ಸೋರತೊಡಗಿತು. ಮನೆಯಲ್ಲಿ ಸಂಭ್ರಮ: ಕೆಟ್ಟದ್ದೆಲ್ಲ ಹೊರಗೆ ಬಂತು, ಎಣ್ಣೆ ಕೆಲಸ ಮಾಡಿತು!

ಅದಾದ ಮೇಲೆ ಅಂಗಡಿಗೆ ಹೋಗಿದ್ದೆ. ಭಾವ ಕಾಯಿ ಅಲ್ಲಾಡಿಸಿದರು. ಇನ್ನೊಂದು ಎತ್ತಿ ಅಲ್ಲಾಡಿಸಿದರು. ಆಮೇಲೆ ನನ್ನನ್ನು ಮೂಲೆಗೆ ಕರೆದು, ರೈತನಿಗೆ ಕೇಳಿಸದ ಹಾಗೆ, "ಇದು ಸಪ್ಪಳ ಮಾಡ್ತೈತೇನ್ ನೋಡು" ಎಂದರು. ಗಲಗಲ ಎನ್ನುತ್ತಿತ್ತು. ಅವರ ಮುಖ ಇಳಿದುಹೋಯಿತು. ಬಳ್ಳಾರಿಗೆ ಹೊರಟದ್ದು ಹೀಗೆ.

ಡಾಕ್ಟರು ವಿವರಿಸಿದರು. ಒಳಗೆ ತುಂಬಿದ ಕೀವು ಕಿವಿಯ ಪರದೆಯನ್ನು ಹರಿದುಕೊಂಡು ಹೊರಬಂದಿದೆ. ಒತ್ತಡ ಇಳಿಯಿತು, ಅದಕ್ಕೇ ನೋವು ನಿಂತಿತು. ಗುಣವಾಗಿ ಅಲ್ಲ. ಈಗ ಪರದೆಯಲ್ಲಿ ತೂತಿದೆ. ತಾವು ಬರೆದುಕೊಟ್ಟ ಡ್ರಾಪ್ಸ್ ಬಿಟ್ಟು ಬೇರೆ ಒಂದು ಹನಿಯೂ ಒಳಗೆ ಹೋಗಬಾರದು, ಸ್ನಾನಕ್ಕೆ ಮುಂಚೆ ವ್ಯಾಸಲೀನ್ ಹಚ್ಚಿದ ಹತ್ತಿ ಇಟ್ಟುಕೊಳ್ಳಬೇಕು. ಕಿವಿ ಒಣಗಿದ್ದರೆ ತೂತು ತಾನೇ ಮುಚ್ಚಿಕೊಳ್ಳಬಹುದು. ಇಲ್ಲವಾದರೆ ಆಪರೇಷನ್. "ಅದಾದ ಮ್ಯಾಗೂ ಮೊದಲಿನಂಗ ಕೇಳಿಸ್ತೈತಿ ಅಂತ ನಾ ಗ್ಯಾರಂಟಿ ಕೊಡಂಗಿಲ್ರಿ," ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಭಾವ ಹೇಳಿದರು: "ಅವ್ವಗ ಇದೆಲ್ಲಾ ಹೇಳಬ್ಯಾಡಪಾ. ಆಕಿ ಮನಸಿಗೆ ಹಚ್ಕೋತಾಳ."

ಮನೆಗೆ ಬಂದರೆ ಬಚ್ಚಲ ಮುಂದೆ ಮಣೆ ಹಾಕಿತ್ತು. ಸೋಮವಾರವಲ್ಲವೇ? ಬೆಳಗಿನ ಎಣ್ಣೆನೀರು ಸಂಜೆಗೆ ಹೋಗಿತ್ತು ಅಷ್ಟೆ. ಬಟ್ಟಲಲ್ಲಿ ಎಣ್ಣೆ ಬೆಚ್ಚಗಿತ್ತು.

"ಏನಂದ್ರೋ ಡಾಕ್ಟ್ರು?"

"ಏನಿಲ್ಲವ್ವಾ. ಔಷಧ ಕೊಟ್ಟಾರ," ಎಂದ ಭಾವ ಅಂಗಿ ಬಿಚ್ಚಿ ಕೂತೇಬಿಟ್ಟರು. ಬಲಗಿವಿಯನ್ನು ಮೇಲೆ ಮಾಡಿ ತಲೆ ವಾಲಿಸಿದರು! ಅಕ್ಕ ಕೈಯಲ್ಲಿ ಡ್ರಾಪ್ಸ್ ಹಿಡಿದು ನಿಂತಿದ್ದಳು.

ನನಗೆ ರೇಗಿಹೋಯಿತು. ಸಾಮಾನ್ಯವಾಗಿ ಬೇರೆಯವರ ಮನೆಯ ವಿಷಯಕ್ಕೆ ತಲೆ ಹಾಕುವವನಲ್ಲ ನಾನು. (ಅದನ್ನೆಲ್ಲ ಇಲ್ಲಿ ಬರೆಯುವುದು ಬೇರೆ ಮಾತು.) "ಅತ್ತೀ, ತಡೀರಿ. ಕಿವಿಯಾಗ ಬೆಳ್ಳುಳ್ಳಿ ಸಿಕ್ಕೈತಿ" ಎಂದೆ.

ಅವರ ಕೈ ಅಲ್ಲೇ ನಿಂತಿತು. ಸ್ವಲ್ಪ ಯೋಚಿಸಿದರು. "ಹೌದು, ಸೋಸಬೇಕಿತ್ತು ನಾನು," ಎಂದು ಸೆರಗಿನ ತುದಿಯನ್ನು ಬಟ್ಟಲಿಗೆ ಹಿಡಿದು ಎಣ್ಣೆ ಸೋಸಲು ಹೊರಟರು.

ಆಗ ಭಾವ ವಾಲಿಸಿದ್ದ ತಲೆ ಎತ್ತಿದರು. "ಸೋಸೂದಲ್ಲವ್ವಾ. ಪರದಿ ಹರದೈತಿ. ಇನ್ನ ಎಣ್ಣಿ ಬಿಟ್ರ ಈ ಕಿವಿ ಹೋಗತೈತಿ."

ಮುದುಕಿ ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಬಟ್ಟಲನ್ನು ಕೆಳಗಿಟ್ಟು ಮಗನನ್ನೇ ದಿಟ್ಟಿಸಿದರು.

"ಎಣ್ಣಿ ಬಿಟ್ಟಾಗ ಉರೀತಿತ್ತೇನು?"

"ಭಾಳ ಉರೀತಿತ್ತವ್ವಾ."

"ಮತ್ಯಾಕ ದಿನಾ ಹಾಯನಿಸ್ತೈತಿ ಅಂತಿದ್ದಿ? ಹಾಯನಿಸ್ತೈತಿ ಅಂದಿ ಅಂತ್ಹೇಳೇ ಇನ್ನಷ್ಟು ಬಿಟ್ನಲ್ಲೋ ನಾನು!"

ಅಕ್ಕ ಡ್ರಾಪ್ಸಿನ ಮುಚ್ಚಳ ತೆಗೆದಳು.

ಈಗ ನೀವೇ ಹೇಳಿ, ಆ ಕಿವಿಗೆ ಎಣ್ಣೆ ಬಿಟ್ಟಿದ್ದು ಯಾರು?