ಮೇಡಂ ಕೊಟ್ಟ ತಗಡಿನ ಬಕೆಟ್ಟು

ನಮ್ಮ ಬಾಟನಿ ಮೇಡಂ ಅವರ ಬಲಗೈ ಹೆಬ್ಬೆರಳ ಉಗುರು ಯಾವಾಗಲೂ ಹಸಿರು. ಕಂಡ ಎಲೆಯನ್ನೆಲ್ಲ ಚಿವುಟಿ ನೋಡುವ ಚಟ ಅವರದು. ಮದುವೆಯೂಟಕ್ಕೆ ಕೂತರೂ ಅನ್ನ ಬೀಳುವ ಮೊದಲು ಬಾಳೆಎಲೆಯ ಅಂಚನ್ನು ಎತ್ತಿ ಬೆಳಕಿಗೆ ಹಿಡಿಯುವರು. ಬಡಿಸುವವರು ಕಾಯಬೇಕು!

ತುಮಕೂರಿನಲ್ಲಿ ನಾನು ಎಂ.ಎಸ್ಸಿ. ಓದುವಾಗ ಅವರೇ ನನ್ನ ಗೈಡ್. ರಾಗಿ ಸಸಿ ಸತುವನ್ನು, ಅಂದರೆ ಜಿಂಕನ್ನು, ಹೇಗೆ ಸಾಗಿಸುತ್ತದೆ, ಹೇಗೆ ತಾಳಿಕೊಳ್ಳುತ್ತದೆ ಅನ್ನುವುದು ಪ್ರಾಜೆಕ್ಟು.

"ಸತು ಅಂದ್ರೆ ಉಪ್ಪಿದ್ದಂಗೆ ಕಣೇ. ಇಲ್ದಿದ್ರೂ ಕೆಟ್ಟಿತು, ಹೆಚ್ಚಾದ್ರೂ ಕೆಟ್ಟಿತು. ಬೇರಿನ ಜಾಣತನ ನೋಡು! ಬೇಕಾದಷ್ಟು ಮೇಲಕ್ಕೆ ಕಳಿಸಿ, ಜಾಸ್ತಿ ಆಗಿದ್ದನ್ನ ತನ್ನ ಜೀವಕೋಶದ ಒಳಗೇ ಒಂದು ಚೀಲದಲ್ಲಿ ಕೂಡಿ ಹಾಕ್ಕೊಳ್ಳುತ್ತೆ. ಎಲೆ ಬದುಕ್ಲಿ ಅಂತ," ಅನ್ನುತ್ತಿದ್ದರು ಮೇಡಂ.

ತೊಳೆದ ಮರಳಿನ ಕುಂಡಗಳಲ್ಲಿ ಒಂದು ಸಾಲಿಗೆ ಸತು ಹಾಕಿದ್ದೆ, ಇನ್ನೊಂದಕ್ಕೆ ಇಲ್ಲ. ಸತುವಿಲ್ಲದ ಸಾಲು ಸೊರಗಿ, ಎಳೆ ಎಲೆ ಬಿಳಿಚಿಕೊಳ್ಳಬೇಕಿತ್ತು. ಹಾಳಾದ್ದು, ಎರಡೂ ಸಾಲು ಹಸಿರಾಗಿ ನಗುತ್ತಿದ್ದವು! ಪರೀಕ್ಷಕರಾಗಿ ಬಂದಿದ್ದವರು ಮೇಡಂ ಅವರದೇ ಹಳೇ ಶಿಷ್ಯ. ಫೈಲ್ ಮುಚ್ಚಿಟ್ಟು, "ಈ ಹುಡ್ಗಿ ಎರಡು ಸಾಲಿಗೂ ಸತು ಹಾಕ್ಬಿಟ್ಟವ್ಳೆ ಮೇಡಂ. ಪಾಸ್ ಮಾಡಕ್ಕಾಗಲ್ಲ" ಅಂದರು. ಎರಡು ವರ್ಷದ ಓದು ನೀರಲ್ಲಿ ಹೋಮ ಮಾಡಿದಂತಾಯಿತು.

ಮೇಡಂ ಎದ್ದು ಕುಂಡಗಳ ಬಳಿ ಹೋದರು. ಅಲ್ಲಿ ಎರಡೂ ಸಾಲಿಗೆ ಹಾಕಲು ನೀರು ತುಂಬಿಟ್ಟಿದ್ದ ಬಕೆಟ್ಟಿನೊಳಗೆ ಕೈಯಿಟ್ಟು ಉಗುರಿನಿಂದ ಕೆರೆದರು. "ಪ್ಲಾಸ್ಟಿಕ್ ನಂಬಬೇಡ" ಎಂದು ಚೇಳೂರಿನ ತವರಿನಿಂದ ಅವರೇ ತಂದುಕೊಟ್ಟಿದ್ದ ತಗಡಿನ ಬಕೆಟ್ಟು. ತುಕ್ಕು ಹಿಡಿಯದಿರಲೆಂದು ತಗಡಿಗೆ ಬಳಿಯುವುದೇ ಸತು. ನೀರಿಗೆ ಅದು ಬಿಟ್ಟುಕೊಂಡಿತ್ತು.

"ಇವಳದೇನೂ ತಪ್ಪಿಲ್ಲ ಕಣೋ, ನಂದು," ಅಂದರು ಶಿಷ್ಯನಿಗೆ. "ಇಷ್ಟು ವರ್ಷ ಸತು ಸತು ಅಂತ ಪಾಠ ಮಾಡ್ದೋಳು ಸತುವಿನ ಬಕೆಟ್ಟೇ ಕೊಟ್ಟಿದೀನಿ. ರಿಪೋರ್ಟಲ್ಲಿ ನನ್ನ ಹೆಸರು ಹಾಕಿ ಬರ್ಕೋ. ಇವಳಿಗೆ ಇನ್ನೊಂದು ಅವಕಾಶ ಕೊಡು."

ಇಡೀ ಡಿಪಾರ್ಟ್‌ಮೆಂಟ್ ಕೇಳಿಸಿಕೊಳ್ಳುತ್ತಿತ್ತು. ಅವರ ದನಿ ಒಂಚೂರೂ ನಡುಗಲಿಲ್ಲ.

ಪರೀಕ್ಷಕರು ಒಪ್ಪಿದರು. ಬಕೆಟ್ ಬದಲಿಸಿ ಮತ್ತೆ ಬಿತ್ತಿದೆವು. ಒಂದು ಬೆಳಿಗ್ಗೆ ಮೇಡಂ ಫೋನ್: "ಬಾರೇ ಬೇಗ, ಬಿಳಿಚ್ಕೊಂಡವು!" ಸೊರಗಿದ ಪೈರು ಕಂಡು ಕುಣಿದವರು ಜಿಲ್ಲೆಯಲ್ಲಿ ನಾವಿಬ್ಬರೇ ಇರಬೇಕು.

ಹೋದ ವರ್ಷ ಅವರು ತೀರಿಕೊಂಡರು. ಉಪ್ಪಾರಹಳ್ಳಿಯ ಮನೆಗೆ ಹೋದಾಗ ಅವರ ಮಗಳು, "ಅಮ್ಮಂದು ನಿಮಗೇನಾದ್ರೂ ಬೇಕಾ?" ಅಂದಳು. ಬಕೆಟ್ ಕೇಳಿದೆ. ಗುಬ್ಬಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತುಬಿಟ್ಟೆ.

ಈಗ ಅದು ಗುಬ್ಬಿಯಲ್ಲಿ ನಾನು ಪಾಠ ಮಾಡುವ ಲ್ಯಾಬಿನ ಮೂಲೆಯಲ್ಲಿದೆ. ಮಕ್ಕಳ ಪ್ರಯೋಗ ಕೆಟ್ಟಾಗ ಬಯ್ಯಲು ಬಾಯಿ ತೆರೆದರೆ ಕಣ್ಣಿಗೆ ಬೀಳುತ್ತದೆ.

"ಇರು, ನಾನು ನಿಂಗೆ ಏನು ಕೊಟ್ಟಿದ್ದೆ, ಮೊದಲು ಅದನ್ನ ನೋಡೋಣ" ಅನ್ನುತ್ತೇನೆ.