ಜಗದೇವಪ್ಪನವರ ನೂರು ಪುಸ್ತಕ

ಜಗದೇವಪ್ಪನವರು ಪುಸ್ತಕ ಆರಿಸುವುದನ್ನು ನೀವು ನೋಡಬೇಕಿತ್ತು. ಹೆಸರು ಓದುವುದಿಲ್ಲ, ಬರೆದವರು ಯಾರೆಂದು ಕೇಳುವುದಿಲ್ಲ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ದಪ್ಪ ಅಳೆಯುತ್ತಾರೆ. ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುವವರಾದರೂ ತುದಿ ಮುರಿದು ನೋಡುತ್ತಾರೆ, ಇವರಿಗೆ ಅಷ್ಟೂ ಬೇಡ. ತೆಳ್ಳಗಿದ್ದರೆ ಚೀಲಕ್ಕೆ, ದಪ್ಪಗಿದ್ದರೆ ಮತ್ತೆ ಕಪಾಟಿಗೆ. ಶಹಾಪುರದ ಓಣಿಯೊಂದರ ಸಣ್ಣ ಗ್ರಂಥಾಲಯದಲ್ಲಿ ನಾನು ಹನ್ನೆರಡು ವರ್ಷದಿಂದ ಕೂತಿದ್ದೇನೆ. ಓದದವರ ಮೇಲೆ ನನಗೆ ಎಂದೂ ಸಿಟ್ಟು ಬಂದಿಲ್ಲ. ಪೇಪರಿನಲ್ಲಿ ರಾಶಿಭವಿಷ್ಯ ನೋಡಿ ಎದ್ದು ಹೋಗುವವರೂ ನನ್ನವರೇ. ಈ ಮನುಷ್ಯನನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು.

ಅವರ ಕಸುಬೂ ಅಂಥದ್ದೇ ಆಗಿತ್ತು. ಮೂವತ್ತೆರಡು ವರ್ಷ ಯಾದಗಿರಿಯ ಕಚೇರಿಯೊಂದರಲ್ಲಿ ಆವಕ-ಜಾವಕದ ಗುಮಾಸ್ತರಾಗಿದ್ದರು. ಬಂದ ಕಾಗದಕ್ಕೆ ನಂಬರು ಹಾಕುವುದು, ಠಸ್ಸೆ ಹೊಡೆಯುವುದು, ಮುಂದೆ ತಳ್ಳುವುದು. ಒಳಗೆ ಏನು ಬರೆದಿದೆ ಎಂದು ನೋಡುವುದು ಅವರ ಕೆಲಸವಲ್ಲ. ಒಂದು ಕಾಗದವನ್ನೂ ಓದದೆ ಲಕ್ಷ ಕಾಗದ ದಾಟಿಸಿದೆ ಎಂದು ಅವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನಿವೃತ್ತರಾದ ಮೇಲೆ ದಾಟಿಸಲು ಏನೂ ಉಳಿಯಲಿಲ್ಲ. ಹಾಗೆ ಇರುವಾಗಲೇ ಅವರ ಮೊಬೈಲಿಗೆ ಓದಿನ ಸವಾಲು ಬಂದು ಬಿತ್ತು.

ಸುರಪುರದ ಕಾಲೇಜು ಉಪನ್ಯಾಸಕ ಪ್ರವೀಣಕುಮಾರ ಒಂದು ವಾಟ್ಸಾಪ್ ಗುಂಪು ಮಾಡಿದ್ದ. ಯುಗಾದಿಯಿಂದ ಯುಗಾದಿಗೆ ನೂರು ಪುಸ್ತಕ ಓದಬೇಕು. ಒಂದೊಂದು ಮುಗಿದಾಗಲೂ ಮುಖಪುಟದ ಫೋಟೊ, ಎರಡು ಸಾಲಿನ ಅಭಿಪ್ರಾಯ ಹಾಕಬೇಕು. ಕಾರ್ಡಿನಲ್ಲಿ ಪುಸ್ತಕದ ಹೆಸರು ಬರೆದು, ಓದಿ ಮುಗಿಸಿದ್ದಾರೆ ಎಂದು ಊರಿನ ಗ್ರಂಥಾಲಯದವರಿಂದ ಸಹಿ ಮಾಡಿಸಬೇಕು, ಕಾರ್ಡಿನ ಒಂದು ಪ್ರತಿ ಗ್ರಂಥಾಲಯದಲ್ಲೇ ಇರಬೇಕು. ಸಹಿ ಹಾಕುವವಳೆಂದು ನನ್ನನ್ನೂ ಗುಂಪಿಗೆ ಸೇರಿಸಿದ್ದ. ನೂರು ಮುಟ್ಟಿದವರಿಗೆ ಸುರಪುರದಲ್ಲಿ ಸನ್ಮಾನ. ಸನ್ಮಾನ ಎಂಬ ಶಬ್ದ ಕೇಳಿದ್ದೇ ತಡ, ಜಗದೇವಪ್ಪನವರು ನನ್ನ ಮೇಜಿನ ಮುಂದೆ ಹಾಜರು.

ಮೊದಲ ಎರಡು ತಿಂಗಳು ಅವರ ಅಭಿಪ್ರಾಯ ಒಂದೇ ಇತ್ತು. ‘ಮನಕಲಕುವ ಕೃತಿ. ಎಲ್ಲರೂ ಓದಲೇಬೇಕು.’ ಕುರಿ ಸಾಕಣೆಯ ಕೈಪಿಡಿಗೂ ಅದೇ, ಉಪ್ಪಿನಕಾಯಿ ಮಾಡುವ ಪುಸ್ತಕಕ್ಕೂ ಅದೇ. ಕುರಿಯ ಯಾವ ರೋಗ ಅವರ ಮನ ಕಲಕಿತು ಎಂದು ನಾನು ಕೇಳಲಿಲ್ಲ. ನಗುತ್ತ ಸಹಿ ಹಾಕಿ ಕೊಟ್ಟೆ. ಆಮೇಲೆ ಆಷಾಢದ ಹೊತ್ತಿಗೆ ಅಭಿಪ್ರಾಯಗಳ ಧಾಟಿಯೇ ಬದಲಾಯಿತು. ಒಂದು ಕಾದಂಬರಿಗೆ ಹೀಗೆ ಬಂದಿತ್ತು: ‘ಬರೆದವರು ಅತ್ತೆಯನ್ನು ಕೆಟ್ಟವಳು ಮಾಡಿದ್ದಾರೆ. ಎಲ್ಲರದೂ ಆದ ಮೇಲೆ ಆಕೆ ಒಬ್ಬಳೇ ಕೂತು ಉಣ್ಣುವುದನ್ನು ಅವರು ನೋಡಿಲ್ಲ.’ ಗುಂಪಿನಲ್ಲಿ ಹೂಗುಚ್ಛಗಳ ಸುರಿಮಳೆ. ಗಂಡಸಾಗಿ ಹೆಣ್ಣಿನ ಒಳಗನ್ನು ಎಷ್ಟು ಚೆನ್ನಾಗಿ ಕಂಡಿದ್ದೀರಿ ಎಂದು ಪ್ರವೀಣಕುಮಾರ ಬರೆದ. ಜಗದೇವಪ್ಪನವರು ಕೈಮುಗಿಯುವ ಚಿತ್ರ ಹಾಕಿದರು.

ಇವನ್ನೆಲ್ಲ ಬರೆಯುವವರು ಯಾರು ಎಂದು ನಾನು ಕೇಳಿಯೇಬಿಟ್ಟೆ. ಅವರೇನೂ ನಾಚಿಕೊಳ್ಳಲಿಲ್ಲ. ಓದುವುದು ಮನೆಯವಳು, ರೇಣುಕಾದೇವಿ, ಎಂದರು. ಮೊದಲು ಅವಳು ಜೋರಾಗಿ ಓದುತ್ತಿದ್ದಳಂತೆ, ಇವರು ಕೇಳುತ್ತ ಅಡ್ಡಾಗುತ್ತಿದ್ದರಂತೆ. ನಿದ್ದೆ ಬರುತ್ತಿತ್ತು. ಆಮೇಲೆ ಅವಳೇ ಓದಿ ಕತೆಯನ್ನು ಚುಟುಕಾಗಿ ಹೇಳತೊಡಗಿದಳು. ಈಗ ಎರಡು ಸಾಲನ್ನೂ ಅವಳೇ ಬರೆದುಕೊಡುತ್ತಾಳೆ. ಹಾಗಾದರೆ ಓದಿದವರು ಯಾರು ಎಂದೆ. ಅದಕ್ಕೆ ಅವರ ಬಳಿ ಉತ್ತರ ಸಿದ್ಧವಿತ್ತು. ಅವರ ತಾಯಿ ಭೀಮವ್ವ ದೋರನಹಳ್ಳಿಯಲ್ಲಿ ಹಾಸಿಗೆ ಹಿಡಿದಾಗ ಮನೆಯಲ್ಲಿ ಹನ್ನೊಂದು ದಿನ ಪುರಾಣ ಹಚ್ಚಿಸಿದ್ದರು. ಓದಿದ್ದು ಅಯ್ಯನವರು, ಸಂಕಲ್ಪ ಇವರ ಹೆಸರಿನಲ್ಲಿ.

‘ಪುಣ್ಯ ಓದಿದ ಅಯ್ಯಗ ಹತ್ತಿತೇನ್ರಿ ಮೇಡಂ? ಹಚ್ಚಿಸಿದವ್ರಿಗಿ ಹತ್ತಿತು. ಇದೂ ಹಂಗ. ಸಂಕಲ್ಪ ನಂದು, ಬಾಯಿ ಅಕಿದು.’

ಅವರು ತಮಾಷೆ ಮಾಡುತ್ತಿರಲಿಲ್ಲ. ನಂಬಿಯೇ ಹೇಳುತ್ತಿದ್ದರು. ಇಂಥವರಿಗೆ ಏನು ಹೇಳುವುದು? ಎದುರಿಗೆ ಸಹಿ ಹಾಕುವುದು, ಬೆನ್ನ ಹಿಂದೆ ಆಡಿಕೊಂಡು ನಗುವುದು, ನನ್ನ ಪಾಲಿನ ಕೆಲಸ ಅಷ್ಟೇ ಆಯಿತು.

ದಸರಾ ಹೋಯಿತು, ದೀಪಾವಳಿ ಹೋಯಿತು. ಚೀಲದಲ್ಲಿ ಪುಸ್ತಕ ಹೋಗುವುದು, ಚೀಲದಲ್ಲಿ ಬರುವುದು. ರೇಣುಕಾದೇವಿಯನ್ನು ನಾನು ಕಂಡದ್ದು ದಾರಿಯಲ್ಲಿ ಒಂದೆರಡು ಬಾರಿ. ಏಳನೆಯ ಇಯತ್ತೆ ಮುಗಿಯುತ್ತಲೇ ಮದುವೆಯಾದವರು, ಸಣ್ಣ ಮೈಕಟ್ಟು, ಮಾತು ಕಡಿಮೆ. ಗ್ರಂಥಾಲಯದ ಮೆಟ್ಟಿಲು ಹತ್ತಿದವರಲ್ಲ. ಏಕೆ ಹತ್ತಬೇಕು, ದಾಟಿಸುವವರು ಇದ್ದರಲ್ಲ.

ಮಾಘ ಮಾಸದಲ್ಲಿ ಪ್ರವೀಣಕುಮಾರನಿಗೆ ಅನುಮಾನ ಬಂದಿರಬೇಕು. ನೂರರಲ್ಲಿ ಒಂದಾದರೂ ಐನೂರು ಪುಟ ಮೀರಿರಬೇಕು ಎಂದು ಹೊಸ ನಿಯಮ ಹಾಕಿದ. ಜಗದೇವಪ್ಪನವರ ಬಾಯಿ ಕಹಿಯಾಯಿತು. ತೊಂಬತ್ತಮೂರಕ್ಕೆ ಬಂದು ನಿಂತಿದ್ದರು. ಗೊಣಗುತ್ತ ಐನೂರ ಎಪ್ಪತ್ತು ಪುಟದ ಒಂದು ಕಾದಂಬರಿ ಒಯ್ದರು. ಗಂಡನ ಮನೆ ಬಿಟ್ಟುಬಂದು ಪರವೂರಿನಲ್ಲಿ ಖಾನಾವಳಿ ಹಾಕಿದ ಹೆಂಗಸೊಬ್ಬಳ ಕತೆ ಅದು. ಹನ್ನೆರಡು ದಿನ ಪತ್ತೆಯಿಲ್ಲ. ಹದಿಮೂರನೆಯ ದಿನ ಬಂದು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು.

‘ಅಕಿ ಇದೊಂದಕ್ಕ ಗಂಟು ಬಿದ್ದು ಕುಂತಾಳ್ರಿ. ಒಂದು ಪುಟ ಎರಡೆರಡು ಸಲ ಓದತಾಳ. ಯುಗಾದಿ ಬಂತು, ಇನ್ನೂ ಆರು ಬಾಕಿ ಅವ. ಕೈಯಾಗಿಂದ ಕಸ್ಕೊಂಡು ಬಂದೀನಿ. ಮುಗೀತಂತ ಬರೀರಿ.’

ಮುಗಿದಿದೆಯೇ ಎಂದೆ. ಮುಗಿದಂತೆಯೇ ಎಂದರು. ಆಗಲಾದರೂ ನಾನು ಪೆನ್ನು ಕೆಳಗಿಡಬೇಕಿತ್ತು. ಇಡಲಿಲ್ಲ. ‘ಓದಿ ಮುಗಿಸಿದ್ದಾರೆ’ ಎಂದು ಬರೆದು ಸಹಿ ಮಾಡಿದೆ. ಅವರು ಮಕ್ಕಳ ಕಪಾಟಿನಿಂದ ಆರು ತೆಳು ಪುಸ್ತಕ ಹಿರಿದುಕೊಂಡು ಹೋದರು.

ನೂರು ಮುಟ್ಟಿದವರು ಇಡೀ ಗುಂಪಿನಲ್ಲಿ ಇವರೊಬ್ಬರೇ. ಸುರಪುರದ ಸಭೆಗೆ ನನ್ನನ್ನೂ ಕರೆದಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೆಚ್ಚಿದ ಒಂದು ಪುಸ್ತಕದ ಬಗ್ಗೆ ನಾಲ್ಕು ಮಾತಾಡಿ ಎಂದು ಪ್ರವೀಣಕುಮಾರ ಮೈಕು ಕೊಟ್ಟ. ನಾಚಿಕೆಯಿದ್ದವರು ಕೈಮುಗಿದು ಕೂತುಬಿಡುತ್ತಿದ್ದರು. ಇವರು ಶಾಲು ಸರಿಪಡಿಸಿಕೊಂಡು ಆ ದಪ್ಪ ಕಾದಂಬರಿಯ ಕತೆ ಶುರುಮಾಡಿದರು. ಹೆಂಡತಿ ಹೇಳಿದಷ್ಟನ್ನು ಚೆನ್ನಾಗಿಯೇ ಹೇಳಿದರು. ಹೇಳಿದ್ದು ತೀರಿದ ಮೇಲೂ ಬಾಯಿ ನಿಲ್ಲಲಿಲ್ಲ. ಆ ಹೆಂಗಸಿಗೆ ಕೊನೆಗೆ ಬುದ್ಧಿ ಬಂದು, ಖಾನಾವಳಿಗೆ ಬೀಗ ಹಾಕಿ, ಗಂಡನ ಮನೆಗೆ ಮರಳಿ ಅವನ ಕಾಲು ಹಿಡಿದಳು ಎಂದು ಮುಗಿಸಿದರು. ಚಪ್ಪಾಳೆಯೋ ಚಪ್ಪಾಳೆ. ಎರಡನೆಯ ಸಾಲಿನಲ್ಲಿ ಕೂತಿದ್ದ ರೇಣುಕಾದೇವಿ ಗಂಡನ ಕಡೆ ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದರು.

ಮೂರನೆಯ ದಿನ ಅವರು ಗ್ರಂಥಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಚಪ್ಪಲಿ ಬಿಡಬೇಕಿಲ್ಲ ಎಂದೆ. ಕೇಳಲಿಲ್ಲ.

‘ಆ ಖಾನಾವಳಿ ಹೆಣ್ಮಗಳು ಖರೇನ ಹೊಳ್ಳಿ ಹೋಗ್ತಾಳೇನ್ರಿ?’

ನನಗೆ ಗೊತ್ತಿಲ್ಲ, ನಾನು ಆ ಪುಸ್ತಕ ಓದಿಲ್ಲ ಎಂದೆ.

‘ಮತ್ತ ಮುಗಿಸ್ಯಾರಂತ ನೀವ ಸಹಿ ಮಾಡೀರಿ. ನಾ ಮುನ್ನೂರಾ ನಲವತ್ತೊಂದನೇ ಪುಟದಾಗ ಇದ್ದೆ.’

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ತಿರುಗಿ ಅಂದು ಹಗುರಾಗುತ್ತಿದ್ದೆ. ವರ್ಷವಿಡೀ ಒಬ್ಬ ಮನುಷ್ಯನನ್ನು ಹೀಯಾಳಿಸಿದ್ದೆ, ಓದದೆ ಠಸ್ಸೆ ಹೊಡೆಯುವ ಕೆಲಸವನ್ನು ನಾನೂ ಮಾಡಿದ್ದೆ. ರೇಣುಕಾದೇವಿಯವರ ಹೆಸರಿನಲ್ಲೇ ಸದಸ್ಯತ್ವದ ಕಾರ್ಡು ಮಾಡಿ ಆ ಪುಸ್ತಕ ಕೊಟ್ಟೆ. ಒಂಬತ್ತು ದಿನಕ್ಕೆ ತಿರುಗಿ ತಂದರು.

‘ಅಕಿ ಹೋಗಂಗಿಲ್ರಿ. ಗಂಡನೇ ಬಂದು ಖಾನಾವಳ್ಯಾಗ ಉಂಡು ಹೋಗ್ತಾನ.’ ಇಷ್ಟು ಹೇಳಿ ಮೇಜಿನ ಅಂಚು ಹಿಡಿದು ನಿಂತರು. ‘ಬಾಕಿ ಎಲ್ಲಾ ಅವ್ರೇ ಇಟ್ಕೊಳ್ಳಲಿ. ಇದೊಂದು ಅವ್ರ ಲೆಕ್ಕದಾಗಿಂದ ಹೊಡದು ಹಾಕ್ರಿ. ಇದು ನಂದು.’

ಜಗದೇವಪ್ಪನವರ ಕಾರ್ಡಿನ ಗ್ರಂಥಾಲಯದ ಪ್ರತಿಯನ್ನು ತೆಗೆದೆ. ಆ ಸಾಲಿಗೆ ಅಡ್ಡಗೆರೆ ಎಳೆದೆ. ‘ಓದಿ ಮುಗಿಸಿಲ್ಲ, ನನ್ನ ಸಹಿ ತಪ್ಪು’ ಎಂದು ಬರೆದು, ಹೆಸರು ಹಾಕಿ, ಫೋಟೊ ತೆಗೆದು ಪ್ರವೀಣಕುಮಾರನಿಗೆ ಕಳಿಸಿದೆ. ಸಂಜೆಯೊಳಗೆ ಗುಂಪಿನಲ್ಲಿ ಜಗದೇವಪ್ಪನವರ ಹೆಸರಿನ ಮುಂದೆ ತೊಂಬತ್ತೊಂಬತ್ತು ಎಂದು ಬಂತು.

ಮರುದಿನ ಅವರು ಬಂದರು. ಕೂಗಾಡುತ್ತಾರೆಂದು ನಾನು ಸಿದ್ಧಳಾಗಿದ್ದೆ. ಹೆಂಡತಿಯ ಮಾತು ತೆಗೆಯಲಿಲ್ಲ. ಆ ಹೆಂಗಸು ಮರಳಿ ಹೋದಳೋ ಬಿಟ್ಟಳೋ ಎಂದೂ ಕೇಳಲಿಲ್ಲ. ಇನ್ನೊಂದು ದಪ್ಪ ಪುಸ್ತಕವನ್ನು ಯುಗಾದಿಗೆ ಮುಂಚಿನ ತಾರೀಖು ಹಾಕಿ ಬರೆದುಕೊಡಿ ಎಂದರು. ದಪ್ಪದ್ದು ಬೇಡ, ನಿಯಮದ ಮಾತು ಆಮೇಲೆ, ಮೊದಲು ಇದನ್ನು ಇಲ್ಲೇ ಕೂತು ಓದಿ ಎಂದು ಇಪ್ಪತ್ತನಾಲ್ಕು ಪುಟದ ಮಕ್ಕಳ ಪುಸ್ತಕವೊಂದನ್ನು ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಬೆಂಚಿನ ಮೇಲೆ ಕೂತರು. ಎರಡು ಪುಟ ತಿರುಗಿಸಿದರು. ಫ್ಯಾನು ನೋಡಿದರು, ಗಡಿಯಾರ ನೋಡಿದರು, ಬಾಗಿಲು ನೋಡಿದರು. ಹತ್ತು ನಿಮಿಷಕ್ಕೆ ಎದ್ದು, ಪುಸ್ತಕವನ್ನು ಚೀಲಕ್ಕೆ ಇಳಿಬಿಡುತ್ತ, ಮನೆಗೆ ಒಯ್ದು ನಾಳೆ ತರುತ್ತೇನೆ ಎಂದರು.

‘ಮನಿಗಿ ಒಯ್ದರ ಉಪಯೋಗಿಲ್ರಿ ಸರ,’ ಎಂದೆ. ‘ಅಲ್ಲಿ ಓದೋರು ಈಗ ತಮ್ಮದು ಓದಾಕತ್ಯಾರ.’