ಕಿವಿ ಮೇಸ್ತ್ರಿಯ ಟೈಮಿಂಗ್

ಮೂವತ್ತೆರಡು ವರ್ಷ ನಾನು ಹಳೆಯ ಲಾರಿಗಳ ಟೈಮಿಂಗನ್ನು ಕಿವಿಯಿಂದಲೇ ಇಟ್ಟೆ. ಇದನ್ನು ನಾನು ಹೇಳಿಕೊಳ್ಳುತ್ತಿದ್ದ ರೀತಿ ಕೇಳಿದರೆ, ಊರಿನ ಉಳಿದ ಮೆಕ್ಯಾನಿಕ್‌ಗಳಿಗೆಲ್ಲ ಕಿವಿ ಇರುವುದು ಕನ್ನಡಕ ಸಿಕ್ಕಿಸುವುದಕ್ಕೆ ಮಾತ್ರ ಅನ್ನಿಸಬೇಕು. ಜನ ನನ್ನನ್ನು ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಆ ಹೆಸರನ್ನು ಹಬ್ಬಿಸಿದವನೂ ನಾನೇ.

ಹಳೆಯ ಪೆಟ್ರೋಲ್ ಲಾರಿಗಳಲ್ಲಿ ಪ್ಲಗ್ಗಿನ ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಎಂಬುದನ್ನು ಕೈಯಿಂದಲೇ ಹೊಂದಿಸಬೇಕು. ಡಿಸ್ಟ್ರಿಬ್ಯೂಟರ್ ಎಂಬ ಲೋಟದ ಗಾತ್ರದ ಭಾಗವೊಂದಿರುತ್ತದೆ. ಅದರ ಬುಡದ ಬೋಲ್ಟ್ ಸಡಿಲಿಸಿ ಕೂದಲೆಳೆಯಷ್ಟು ಆ ಕಡೆ ತಿರುಗಿಸಿದರೆ ಕಿಡಿ ಬೇಗ, ಈ ಕಡೆ ತಿರುಗಿಸಿದರೆ ತಡ. ತಡವಾದರೆ ಲಾರಿ ಸೋಮಾರಿಯಾಗುತ್ತದೆ. ತೀರಾ ಬೇಗವಾದರೆ ಏರಿನಲ್ಲಿ ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಸದ್ದು. ಅದನ್ನು ಹಾಗೇ ಬಿಟ್ಟರೆ ಒಂದು ದಿನ ಪಿಸ್ಟನ್ನಿಗೇ ತೂತು. ನಾನು ಕಣ್ಣು ಮುಚ್ಚಿ, ತಲೆ ವಾಲಿಸಿ, ಇಂಜಿನ್ ರೇಸ್ ಮಾಡಿಸಿ, ಗೋಲಿಯ ಸದ್ದು ಬರುವ ತನಕ ಬೇಗದ ಕಡೆ, ಆಮೇಲೆ ಅದು ಹೋಗುವ ತನಕ ವಾಪಸ್ ಮೆಲ್ಲಗೆ ತಿರುಗಿಸಿ, ಬೋಲ್ಟ್ ಬಿಗಿದು ಕೈ ಒರೆಸಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚುವ ಅಗತ್ಯ ಏನೂ ಇರಲಿಲ್ಲ. ನೋಡುವವರಿಗೆ ಚೆನ್ನಾಗಿ ಕಾಣುತ್ತಿತ್ತು, ಅಷ್ಟೆ.

ನನ್ನ ಅಕ್ಕನ ಹತ್ತಿರ ಅಂಥದೇ ಒಂದು ಲಾರಿ ಇದೆ. ಭಾವನ ಮಂಡಿ ಕೈಕೊಟ್ಟ ಮೇಲೆ ಅವಳೇ ಓಡಿಸುತ್ತಾಳೆ. ಗುಡ್ಡದ ಮೇಲಿನ ಆಸ್ಪತ್ರೆಯಿಂದ ಕೊಳೆಯಾದ ಹಾಸಿಗೆ ಬಟ್ಟೆ ಕೆಳಗಿನ ಲಾಂಡ್ರಿಗೆ, ಒಗೆದದ್ದು ಮತ್ತೆ ಮೇಲಕ್ಕೆ. ಹೋದ ವರ್ಷ ಒಂದು ದಿನ ಬಂದು, ಏರು ಹತ್ತುವಾಗ ಇಂಜಿನ್ ಗಲಗಲ ಅನ್ನುತ್ತಿದೆ ಎಂದಳು. ನಾನು ತಲೆ ವಾಲಿಸಿದೆ, ತಿರುಗಿಸಿದೆ, ಬಿಗಿದೆ. ಎರಡು ದಿನಕ್ಕೆ ವಾಪಸ್ ಬಂದಳು, ಸದ್ದು ಹೆಚ್ಚಾಗಿದೆಯಂತೆ. ಪೆಟ್ರೋಲ್ ಸರಿಯಿಲ್ಲ ಎಂದೆ. ಅವಳು ಬಂಕ್ ಬದಲಾಯಿಸಿದಳು. ಮೂರನೆಯ ಸಲ ಬಂದಾಗ ಭಾರ ಜಾಸ್ತಿ ಹೇರುತ್ತೀಯ ಎಂದೆ. ನಾಲ್ಕನೆಯ ಸಲ, ಗೇರ್ ಹಾಕುವುದು ನಿನಗೆ ಸರಿಯಾಗಿ ಬರುವುದಿಲ್ಲ ಎಂದುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನು ದೂರಿ ಮುಗಿಸಿ ಅಕ್ಕನನ್ನೇ ದೂರುವ ತನಕ ಬಂದಿದ್ದೆ.

ಅಕ್ಕ ಜಗಳಕ್ಕೆ ಬರಲಿಲ್ಲ. ಪಕ್ಕದ ಬಾಗಿಲು ತೆಗೆದು, ಹತ್ತು ಎಂದಳು.

ಹಿಂದೆ ಒಗೆದ ಬಟ್ಟೆಯ ಗಂಟುಗಳು, ಮುಂದೆ ನಾವಿಬ್ಬರು. ಗುಡ್ಡದ ಏರು ಶುರುವಾಯಿತು. ಅಕ್ಕನ ಹುಬ್ಬು ಗಂಟಿಕ್ಕಿತು. ಹಲ್ಲು ನೋವಿನವರ ಹಾಗೆ ದವಡೆ ಬಿಗಿದಿದ್ದಳು. ನಾನು ಆರಾಮವಾಗಿ ಒರಗಿ, ಇಂಜಿನ್ ಬೆಣ್ಣೆಯಂತೆ ಓಡುತ್ತಿದೆ ಎಂದು ನನ್ನನ್ನೇ ಮೆಚ್ಚಿಕೊಳ್ಳುತ್ತಿದ್ದೆ.

"ಈಗ ಕೇಳಿಸ್ತಾ ಇದೆಯಲ್ಲ?" ಎಂದಳು.

"ಏನು?"

ಅವಳು ಒಮ್ಮೆ ನನ್ನ ಕಡೆ ನೋಡಿ, ಮತ್ತೆ ರಸ್ತೆ ನೋಡಿದಳು. ಆಸ್ಪತ್ರೆಯ ಗೇಟು ಬಂದಾಗ ಕಾವಲುಗಾರ ಸರಪಳಿ ಇಳಿಸುತ್ತ, ಏನಮ್ಮ, ಇವತ್ತು ಡಬ್ಬಿ ಸಾಮಾನು ತಂದಿದ್ದೀರಾ ಎಂದು ಕೇಳಿದ. ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ ಅವನಿಗೆ ಕೇಳಿಸಿದ್ದು, ಇಂಜಿನ್ನಿನ ಪಕ್ಕದಲ್ಲೇ ಕೂತ ನನಗೆ ಕೇಳಿಸಿರಲಿಲ್ಲ.

ಅಕ್ಕ ಇಂಜಿನ್ ನಿಲ್ಲಿಸಿದಳು. "ಲಾರಿ ಆಮೇಲೆ ನೋಡೋಣ," ಎಂದಳು ಮೆಲ್ಲಗೆ, "ಮೊದ್ಲು ನಿನ್ನ ಕಿವಿ ತೋರಿಸ್ಬೇಕು."

ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಹೆದರಿಕೆ. ಅದನ್ನು ಸಿಟ್ಟಿನ ಹಾಗೆ ತೋರಿಸುವುದು ನನಗೆ ಅಭ್ಯಾಸ. ಆದರೂ ಅವಳು ಬಟ್ಟೆಯ ಗಂಟುಗಳನ್ನು ಇಳಿಸಿ, ಮೊದಲ ದಿನ ಶಾಲೆಗೆ ಬಿಡುವವರ ಹಾಗೆ ನನ್ನ ತೋಳು ಹಿಡಿದು ಕಿವಿಯ ವಿಭಾಗಕ್ಕೆ ಕರೆದೊಯ್ದಳು.

ಒಂದು ಸಣ್ಣ ಕೋಣೆಯಲ್ಲಿ ನನ್ನನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಸ್ವಲ್ಪ ಹೊತ್ತು ಕೇಳಿಸಿತು, ಒತ್ತಿದೆ. ಆಮೇಲೆ ಏನೂ ಇಲ್ಲ. ಹೆಸರು ಕೆಡುತ್ತದಲ್ಲ ಎಂದು ಅಂದಾಜಿನ ಮೇಲೆ ಒತ್ತುತ್ತ ಹೋದೆ. ಪರೀಕ್ಷೆ ಮಾಡುತ್ತಿದ್ದ ಹುಡುಗಿ ಬಾಗಿಲು ತೆರೆದು ತಲೆ ಹಾಕಿದಳು.

"ಸರ್, ನಾನಿನ್ನೂ ಸದ್ದು ಕೊಟ್ಟೇ ಇಲ್ಲ."

ಕಾಗದದ ಮೇಲಿನ ಗೆರೆ ಎಡಗಡೆ ಚೆನ್ನಾಗಿದ್ದು, ಬಲಕ್ಕೆ ಹೋಗುತ್ತ ಬಾವಿಗೆ ಬಿದ್ದಿತ್ತು. ದಪ್ಪ ಸದ್ದೆಲ್ಲ ಕೇಳುತ್ತದೆ, ಸಣ್ಣ ಸದ್ದು ವರ್ಷಗಳಿಂದ ಸ್ವಲ್ಪಸ್ವಲ್ಪವೇ ಕಮ್ಮಿಯಾಗುತ್ತ ಬಂದು ಈಗ ಪೂರ್ತಿ ಹೋಗಿದೆ ಎಂದರು ಡಾಕ್ಟರು. ನಾನು ಹೆಂಡತಿಯನ್ನು ನೆನೆದೆ. ಇತ್ತೀಚೆಗೆ ಅವಳು ಮೆದುವಾಗಿ ಮಾತಾಡುತ್ತಾಳೆ, ವಯಸ್ಸು ಎಲ್ಲರನ್ನೂ ಮಾಗಿಸುತ್ತದೆ ಎಂದು ಗೆಳೆಯರ ಮುಂದೆ ಹೊಗಳಿದ್ದೆ. ಪಾಪ, ಅವಳು ಕಿರುಚುತ್ತಿದ್ದಳೋ ಏನೋ.

ಗೋಲಿಯ ಸದ್ದು ಬರುವ ತನಕ ತಿರುಗಿಸಿ, ಅದು ಹೋಗುವಷ್ಟು ವಾಪಸ್ ತರುವುದು ನನ್ನ ವಿದ್ಯೆ. ಸದ್ದೇ ಕೇಳದವನಿಗೆ ಎಷ್ಟು ತಿರುಗಿಸಿದರೂ ಅದು ಬರುವುದೇ ಇಲ್ಲ. ಕಿಡಿಯನ್ನು ಬೇಗ, ಇನ್ನೂ ಬೇಗ ಮಾಡುತ್ತ ಹೋಗಿದ್ದೆ.

ಈಗ ಬೇಕಾದದ್ದು ಟೈಮಿಂಗ್ ಲೈಟ್, ಪ್ಲಗ್ಗಿನ ಕಿಡಿ ಹಾರಿದಾಗಲೆಲ್ಲ ಮಿಣುಕಿ ಅದರ ಹೊತ್ತನ್ನು ಕಣ್ಣಿಗೆ ತೋರಿಸುವ ದೀಪ. ಅದು ಇದ್ದದ್ದು ಹಿಂದಿನ ಬೀದಿಯ ಮೆಕ್ಯಾನಿಕ್ ಹತ್ತಿರ. ದೀಪ ಹಚ್ಚಿ ಕೆಲಸ ಮಾಡುವವನು ಎಂದು ಹದಿನೈದು ವರ್ಷ ಅವನನ್ನು ಆಡಿಕೊಂಡಿದ್ದೆ. ಅವನ ಶೆಡ್ಡಿನ ಮುಂದೆ ಎರಡು ಸಲ ಸುಮ್ಮನೆ ನಡೆದುಹೋದೆ. ಮೂರನೆಯ ಸಲ ಅವನೇ ಕರೆದ. ವಿಷಯ ಹೇಳಿದೆ. ಚುಚ್ಚಿ ಮಾತಾಡುತ್ತಾನೆಂದು ಕಾದೆ, ನಾನಾಗಿದ್ದರೆ ಬಿಡುತ್ತಿರಲಿಲ್ಲ. ಅವನು ಲೈಟನ್ನು ಬಟ್ಟೆಯಲ್ಲಿ ಒರೆಸಿ ಕೊಟ್ಟು, "ಪುಲ್ಲಿ ಮೇಲೆ ಗುರುತು ಇರುತ್ತೆ. ಮೊದ್ಲು ಅದನ್ನ ಹುಡುಕಿ. ನನಗೆ ಮೊದಲ ಸಲ ಅರ್ಧ ದಿನ ಬೇಕಾಯ್ತು," ಎಂದ.

ನನಗೆ ಪೂರ್ತಿ ದಿನ ಬೇಕಾಯಿತು. ಇಂಜಿನ್ನಿನ ಮುಂದೆ ತಿರುಗುವ ಪುಲ್ಲಿ ಚಕ್ರದ ಮೇಲೆ ಬೆರಳು ದಪ್ಪ ಜಿಡ್ಡು. ಸೀಮೆಎಣ್ಣೆ ಹಚ್ಚಿ, ತಂತಿ ಬ್ರಷ್‌ನಿಂದ ಉಜ್ಜಿ ಉಜ್ಜಿ, ಕೊನೆಗೆ ಉಗುರಿನ ಗಾಯದಷ್ಟು ಸಣ್ಣ ಗೆರೆ ಸಿಕ್ಕಿತು. ಅದಕ್ಕೆ ಬಿಳಿ ಬಣ್ಣ ಹಚ್ಚಿದೆ. ಪಕ್ಕದ ತಗಡಿನ ಮೇಲೆ ಅಂಕಿಗಳೂ ಇದ್ದವು. ಮೂವತ್ತೆರಡು ವರ್ಷ ಅವುಗಳ ಮೇಲೆ ಮೊಣಕೈ ಊರಿಕೊಂಡೇ ಪಾಂಡಿತ್ಯ ಮೆರೆದಿದ್ದೆ.

ಅಕ್ಕ ಇಂಜಿನ್ ಚಾಲು ಮಾಡಿದಳು. ಲೈಟಿನ ತಂತಿಯನ್ನು ಮೊದಲನೆಯ ಪ್ಲಗ್ಗಿನ ತಂತಿಗೆ ಸಿಕ್ಕಿಸಿ ಗುಂಡಿ ಒತ್ತಿದೆ. ಗಿರಗಿರ ತಿರುಗುವ ಪುಲ್ಲಿ ಆ ಮಿಣುಕಿನಲ್ಲಿ ನಿಂತೇಬಿಟ್ಟಂತೆ ಕಂಡಿತು. ಬಿಳಿ ಗೆರೆ ಅಂಕಿಗಳನ್ನೆಲ್ಲ ದಾಟಿ ಆಚೆ ನಿಂತಿತ್ತು. ಬೋಲ್ಟ್ ಸಡಿಲಿಸಿ ಡಿಸ್ಟ್ರಿಬ್ಯೂಟರ್ ತಿರುಗಿಸಿದೆ. ಗೆರೆ ಒಂದೊಂದೇ ಅಂಕಿ ಹಿಂದಕ್ಕೆ ನಡೆದು ತನ್ನ ಜಾಗಕ್ಕೆ ಬಂತು. ಬೋಲ್ಟ್ ಬಿಗಿದೆ. ನನಗಾದದ್ದು ನಾಚಿಕೆಯೋ ಖುಷಿಯೋ ಗೊತ್ತಾಗಲಿಲ್ಲ.

ಮತ್ತೆ ಗುಡ್ಡ ಹತ್ತಿದೆವು. ಈ ಸಲ ನಾನು ಇಂಜಿನ್ ಕಡೆ ಕಿವಿ ಕೊಡಲಿಲ್ಲ, ಅಕ್ಕನ ಹುಬ್ಬು ನೋಡುತ್ತ ಕೂತೆ. ಅರ್ಧ ಏರಿನಲ್ಲಿ ಅದು ಸಡಿಲವಾಯಿತು. ಗೇರ್ ವಿಷಯದಲ್ಲಿ ತಪ್ಪು ಮಾತಾಡಿದೆ ಎಂದೆ. ಜೋರಾಗಿ ಹೇಳು ಎಂದಳು; ಅವಳ ಕಿವಿಗೆ ಏನೂ ಆಗಿರಲಿಲ್ಲ. ಇನ್ನೊಮ್ಮೆ ಹೇಳಿಸಿಕೊಳ್ಳುವ ಆಸೆ, ಅಷ್ಟೆ.

ಆ ವರ್ಷ ನಾನು ಟೈಮಿಂಗ್ ಇಟ್ಟ ಲಾರಿಗಳು ಇನ್ನೂ ಒಂಬತ್ತು ಇದ್ದವು. ಒಬ್ಬೊಬ್ಬರಿಗೇ ಫೋನ್ ಮಾಡಿ, ನನ್ನದೇ ತಪ್ಪು, ಗಾಡಿ ತನ್ನಿ ಎಂದೆ. ಇಬ್ಬರು ಬೈದರು, ಒಬ್ಬ ನಕ್ಕ. ಮೊದಲು ಬಂದವನು ಮರ ಮಾರುವ ಅಡ್ಡೆಯವನು. ನಾನು ಗೆರೆಯನ್ನು ಅಂಕಿಗೆ ತಂದು ಬೋಲ್ಟ್ ಬಿಗಿದ ಮೇಲೆ, ಸರಿಯಾಯ್ತಾ ಎಂದು ಕೇಳಿದ.

"ಲೈಟ್ ಪ್ರಕಾರ ಸರಿ ಇದೆ. ಲೋಡ್ ಹಾಕಿ ಒಂದು ಏರು ಹತ್ತಿ, ನೀವೇ ಕೇಳಿ ಹೇಳಿ," ಎಂದೆ.

ಅವನು ಲಾರಿ ಹತ್ತಿದ. ನಾನು ಮುಂದಿನ ಗಾಡಿಯ ಪುಲ್ಲಿಗೆ ಸೀಮೆಎಣ್ಣೆ ಹಚ್ಚಲು ಕೂತೆ.